ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ (ಓಎಸ್) ಪುಕ್ಕಟೆ ಅಂದಮೇಲೆ ಅದನ್ನು ನಂಬಿಕೊಂಡ ಕಂಪನಿಗಳಿಗೆ ದುಡ್ಡು ಎಲ್ಲಿಂದ ಬರುತ್ತೆ?

ವಿಂಡೋಸ್‌ನಂಥ ಸಾಫ್ಟ್‌ವೇರ್‌ನ ಲೆಕ್ಕ ಸರಳ: ಲೈಸೆನ್ಸ್ ಮಾರು, ದುಡ್ಡು ಎಣಿಸು. ಒಮ್ಮೆ ಬರೆದ ಕೋಡ್‌ನ ಇನ್ನೊಂದು ಪ್ರತಿ ತೆಗೆಯಲು ಖರ್ಚೇನೂ ಇಲ್ಲ, ಹಾಗಾಗಿ ಲಾಭ ದೊಡ್ಡದು.

ಲಿನಕ್ಸ್‌ನಲ್ಲಿ ಆ ದಾರಿ ನಡೆಯಲ್ಲ. ಅದನ್ನು ಬಳಸುವ, ಹಂಚುವ ನಿಯಮ ಹೇಳುವ ಜಿಪಿಎಲ್ ಪರವಾನಗಿ ಮಾರಲೇಬೇಡ ಅನ್ನುವುದಿಲ್ಲ (ಬಹಳ ಜನ ಇಲ್ಲೇ ಎಡವುತ್ತಾರೆ). ಆದರೆ ಕೊಂಡವನಿಗೆ ಸೋರ್ಸ್ ಕೋಡ್ (ಪ್ರೋಗ್ರಾಂನ ಮೂಲ ಬರಹ) ಕೊಡಲೇಬೇಕು, ಅವನು ಅದನ್ನು ಊರಿಗೆಲ್ಲ ಪುಕ್ಕಟೆ ಹಂಚಬಹುದು. ಇನ್ನು ಪ್ರತಿಗೆ ಬೆಲೆ ಎಲ್ಲಿ ನಿಲ್ಲುತ್ತೆ?

ಹಾಗಾದರೆ ಮಾರುವುದೇನು? ನೆಮ್ಮದಿ. ಬ್ಯಾಂಕೊಂದರ ಸರ್ವರ್ ರಾತ್ರಿ ಎರಡು ಗಂಟೆಗೆ ಕೈಕೊಟ್ಟಿತು ಅಂದುಕೊಳ್ಳಿ. ಆಗ ಫೋನ್ ಎತ್ತಿ, ಲಾಗ್ (ಸರ್ವರ್ ಬರೆದಿಟ್ಟ ದಾಖಲೆ) ನೋಡಿ, ದೋಷ ಸರಿಪಡಿಸಿ ಕೊಡುವ ಎಂಜಿನಿಯರ್ ಬೇಕು. ಒಂದೇ ಆವೃತ್ತಿಗೆ ವರ್ಷಗಟ್ಟಲೆ ಭದ್ರತಾ ಪ್ಯಾಚ್‌ಗಳೂ (ಲೋಪ ಮುಚ್ಚುವ ತಿದ್ದುಪಡಿಗಳು) ಬರುತ್ತಿರಬೇಕು. ರೆಡ್ ಹ್ಯಾಟ್ ಎಂಬ ಲಿನಕ್ಸ್ ಕಂಪನಿ ಇದಕ್ಕೇ ವಾರ್ಷಿಕ ಚಂದಾ ತೆಗೆದುಕೊಳ್ಳುತ್ತದೆ. ಇದು ಸಣ್ಣ ವ್ಯಾಪಾರವಲ್ಲ: 2019ರಲ್ಲಿ ಐಬಿಎಂ ಆ ಕಂಪನಿಯನ್ನು ಸುಮಾರು 3,400 ಕೋಟಿ ಡಾಲರ್‌ಗೆ ಕೊಂಡಿತು.

ಇನ್ನು ಕೆಲವರಿಗೆ ಓಎಸ್ ಬರೀ ಮೆಟ್ಟಿಲು. ಲಿನಕ್ಸ್ ಮೇಲೆ ಕಟ್ಟಿದ ಆಂಡ್ರಾಯ್ಡ್‌ನ ಮೂಲ ಕೋಡ್ ಮುಕ್ತ, ಆದರೆ ಅದರ ಮೇಲಿನ ಪ್ಲೇ ಸ್ಟೋರ್ ಮುಕ್ತವಲ್ಲ. ಗೂಗಲ್‌ಗೆ ಹಣ ಬರುವುದು ಜಾಹೀರಾತು ಮತ್ತು ಸ್ಟೋರ್ ಕಮಿಷನ್‌ನಿಂದ. ಇಂಟೆಲ್ ತನ್ನ ಚಿಪ್ ಮಾರಾಟವಾಗಲಿ ಅಂತಲೇ ಸಂಬಳ ಕೊಟ್ಟು ಲಿನಕ್ಸ್‌ನ ತಿರುಳಾದ ಕರ್ನಲ್‌ನ ಕೆಲಸ ಮಾಡಿಸುತ್ತದೆ.

ನನ್ನ ಕೇಳಿದರೆ, ಈ ಸಪೋರ್ಟ್ ಮಾದರಿ ದೊಡ್ಡ ಸಂಸ್ಥೆಗಳ ಜೊತೆ ಮಾತ್ರ ಚೆನ್ನಾಗಿ ನಡೆಯುತ್ತೆ. ಮನೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಕೊಂಡವರು ತೊಂದರೆ ಬಂದರೆ ಗೂಗಲ್ ಮಾಡ್ತಾರೆಯೇ ಹೊರತು ಜೇಬಿಗೆ ಕೈ ಹಾಕಲ್ಲ. ನಾನೂ ಹಾಕಿಲ್ಲ.