ಸಂಪಾದಕರ ಉತ್ತರ: ಆಸರೆ ಭಾರವಾದಾಗ

ಹಾವೇರಿ ಜಿಲ್ಲೆಯ ತಾಯಿಯೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ. ಅವರ ಮಗಳು ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್ ಮುಗಿಸಿ ಸರ್ಕಾರಿ ನೌಕರಿಗೆ ಎರಡು ಸಲ ಪರೀಕ್ಷೆ ಬರೆದಳು. ಎರಡೂ ಸಲ ಕೆಲವೇ ಅಂಕಗಳಲ್ಲಿ ಆಯ್ಕೆ ತಪ್ಪಿತು. ಈಗ ಮನೆಯಲ್ಲೇ ಇದ್ದು ಮೂರನೆಯ ಸಲಕ್ಕೆ ಓದುತ್ತಿದ್ದಾಳೆ. ಮನೆಮಂದಿಯೆಲ್ಲ ಅವಳ ಬೆನ್ನಿಗಿದ್ದಾರೆ. ತಾಯಿ ನಸುಕಿನಲ್ಲೇ ಎದ್ದು ಚಹಾ ಮಾಡಿಕೊಟ್ಟು ಪಕ್ಕದಲ್ಲಿ ಕೂರುತ್ತಾರೆ. ತಂದೆ ರಾತ್ರಿ ಊಟದ ಹೊತ್ತಿಗೆ ‘ನಾವಿದ್ದೇವೆ, ಹೆದರಬೇಡ’ ಎನ್ನುತ್ತಾರೆ. ಹುಬ್ಬಳ್ಳಿಯ ಸೋದರಮಾವ ದಿನಾ ಸಂಜೆ ಫೋನ್ ಮಾಡಿ ಧೈರ್ಯ ಹೇಳುತ್ತಾರೆ. ಆದರೂ ಹುಡುಗಿ ಕುಗ್ಗುತ್ತಲೇ ಇದ್ದಾಳೆ. ಈಗೀಗ ಊಟಕ್ಕೂ ಎಲ್ಲರ ಜೊತೆ ಬರುವುದಿಲ್ಲ. ‘ಹತ್ತಿರದವರ ಆಸರೆ ಇದ್ದವರ ಮನಸ್ಸು ಗಟ್ಟಿ ಎಂದು ಕಳೆದ ಸಂಚಿಕೆಯಲ್ಲಿ ನೀವೇ ಬರೆದಿರಿ. ಇದಕ್ಕಿಂತ ಹೆಚ್ಚಿನ ಆಸರೆ ಎಲ್ಲಿಂದ ತರಲಿ?’ ಎಂದು ಕೇಳಿದ್ದಾರೆ.

ಅಮ್ಮ, ಕಳೆದ ಸಂಚಿಕೆಯ ಮಾತು ಸುಳ್ಳಲ್ಲ. ಅಮೆರಿಕದ ಸಂಶೋಧಕಿ ಜೂಲಿಯಾನ್ ಹೋಲ್ಟ್-ಲುನ್‌ಸ್ಟಾಡ್ ಮತ್ತು ಸಂಗಡಿಗರು 148 ಅಧ್ಯಯನಗಳನ್ನು, ಅಂದರೆ ಮೂರು ಲಕ್ಷಕ್ಕೂ ಮಿಕ್ಕಿದ ಜನರ ಮಾಹಿತಿಯನ್ನು ಒಟ್ಟು ಹಾಕಿ 2010ರಲ್ಲಿ ಪ್ರಕಟಿಸಿದರು. ಗಟ್ಟಿ ಸಂಬಂಧಗಳಿದ್ದವರು ಅಧ್ಯಯನದ ಅವಧಿಯಲ್ಲಿ ಬದುಕುಳಿಯುವ ಸಾಧ್ಯತೆ ಉಳಿದವರಿಗಿಂತ ಶೇ. 50ರಷ್ಟು ಹೆಚ್ಚು ಎಂಬುದು ಅದರ ಸಾರ. ಆದರೆ ಕಳೆದ ಸಂಚಿಕೆಯ ಲೇಖನದಲ್ಲಿ ಜಾಗವಿಲ್ಲದೆ ಬಿಟ್ಟ ಒಂದು ವಿಷಯ ನಿಮ್ಮ ಮನೆಗೆ ನೇರವಾಗಿ ಸಂಬಂಧಿಸಿದ್ದು. ‘ಬೇಕೆಂದಾಗ ನನ್ನವರು ಇದ್ದಾರೆ’ ಎಂಬ ನಂಬಿಕೆ ಬೇರೆ, ದಿನದಿನಕ್ಕೆ ಕೈಗೆ ಬಂದು ಬೀಳುವ ಸಹಾಯ ಬೇರೆ. ಮನಸ್ಸಿನ ಆರೋಗ್ಯದ ಜೊತೆ ಮೊದಲನೆಯದರ ನಂಟು ಅಧ್ಯಯನದಿಂದ ಅಧ್ಯಯನಕ್ಕೆ ಗಟ್ಟಿಯಾಗಿ ನಿಂತಿದೆ. ಎರಡನೆಯದರ ಫಲ ಹಾಗಿಲ್ಲ; ಕೆಲವೊಮ್ಮೆ ತಿರುಗುಮುರುಗಾಗಿದೆ.

ಇದನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸಿದ್ದು ಒಂದು ಪರೀಕ್ಷೆಯ ಸುತ್ತ ನಡೆದ ಕೆಲಸವೇ. ನ್ಯೂಯಾರ್ಕ್‌ನಲ್ಲಿ ಕಾನೂನು ಓದಿದವರು ವಕೀಲಿಕೆ ಶುರು ಮಾಡಲು ಎರಡು ದಿನದ ಕಠಿಣ ಪರೀಕ್ಷೆ ಪಾಸಾಗಬೇಕು. ಅದಕ್ಕೆ ಓದುತ್ತಿದ್ದವರು ಮತ್ತು ಅವರ ಸಂಗಾತಿಗಳು, ಹೀಗೆ 68 ಜೋಡಿಗಳನ್ನು ನಿಯಾಲ್ ಬೋಲ್ಗರ್, ಆಡಂ ಝುಕರ್‌ಮನ್ ಮತ್ತು ರೊನಾಲ್ಡ್ ಕೆಸ್ಲರ್ ಎಂಬ ಸಂಶೋಧಕರು ಸೇರಿಸಿಕೊಂಡರು. ಪರೀಕ್ಷೆ ಹತ್ತಿರವಾಗುತ್ತಿದ್ದ ದಿನಗಳಲ್ಲಿ ಇಬ್ಬರೂ ಬೇರೆ ಬೇರೆಯಾಗಿ ದಿನಚರಿ ತುಂಬಬೇಕು. ‘ಇವತ್ತು ನಿನ್ನ ಸಂಗಾತಿ ನಿನ್ನ ಕಷ್ಟ ಕೇಳಿ ಸಮಾಧಾನ ಹೇಳಿದರೇ?’ ಎಂಬುದು ಪರೀಕ್ಷಾರ್ಥಿಗೆ ಪ್ರಶ್ನೆ. ‘ಇವತ್ತು ನೀನು ಹಾಗೆ ಮಾಡಿದೆಯಾ?’ ಎಂಬುದು ಸಂಗಾತಿಗೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ, ಸಹಾಯ ಸಿಕ್ಕಿತು ಎಂದು ಪರೀಕ್ಷಾರ್ಥಿಗಳು ಬರೆದ ದಿನಗಳ ಬೆನ್ನಿಗೆ ಅವರ ಮನಸ್ಸು ಇನ್ನಷ್ಟು ಕುಗ್ಗಿತ್ತು. ಸಂಗಾತಿ ‘ಮಾಡಿದ್ದೇನೆ’ ಎಂದು ಬರೆದು, ಪರೀಕ್ಷಾರ್ಥಿ ಅದನ್ನು ಗಮನಿಸದೇ ಇದ್ದಾಗ ಮಾತ್ರ ಮನಸ್ಸು ಹಗುರವಾಗಿತ್ತು. ಕುಗ್ಗಿದವರಿಗೇ ಹೆಚ್ಚು ಸಹಾಯ ಸಿಗುವುದರಿಂದ ಹೀಗೆ ಕಾಣುತ್ತದೆಯೇ ಎಂದು ನೀವು ಕೇಳಬಹುದು. ಆ ಅನುಮಾನ ಅವರಿಗೂ ಇತ್ತು. ಹಿಂದಿನ ದಿನದ ಮನಸ್ಥಿತಿಯನ್ನು ಲೆಕ್ಕಕ್ಕೆ ಹಿಡಿದ ಮೇಲೂ ಫಲ ಅದೇ ಆಗಿತ್ತು. 2000ದಲ್ಲಿ ಇದು ಪ್ರಕಟವಾಯಿತು.

ಯಾಕೆ ಹೀಗೆ? ಕಣ್ಣಿಗೆ ಕಾಣುವ ಸಹಾಯ ತನ್ನ ಜೊತೆ ಇನ್ನೊಂದು ಮಾತನ್ನೂ ಹೊತ್ತು ತರುತ್ತದೆ: ‘ಇದು ನಿನ್ನೊಬ್ಬಳಿಂದ ಆಗುವ ಕೆಲಸವಲ್ಲ.’ ಅದರ ಹಿಂದೆಯೇ ಋಣದ ಭಾರ. ನಿಮ್ಮ ಪತ್ರದ ಮೂರನೆಯ ಪುಟದಲ್ಲಿ ಮಗಳು ಹೇಳಿದ ಮಾತೊಂದನ್ನು ನೀವೇ ಬರೆದಿದ್ದೀರಿ: ‘ನೀ ಮಲಕೋ ಅವ್ವಾ. ನೀ ಎದ್ದು ಕುಂತರ ನನಗ ಓದೂದು ಆಗೂದಿಲ್ಲ.’ ನೀವದನ್ನು ಸಿಟ್ಟು ಎಂದುಕೊಂಡಿದ್ದೀರಿ. ನನಗೆ ಅದರಲ್ಲಿ ಸಿಟ್ಟು ಕಾಣಲಿಲ್ಲ. ನಿಮ್ಮ ನಿದ್ದೆಗೆಟ್ಟ ಕಣ್ಣುಗಳನ್ನು ನೋಡುತ್ತ ಪುಟ ತಿರುವುವುದು ಆ ಮಗುವಿಗೆ ಎಷ್ಟು ಕಷ್ಟವೋ. ಈ ಸಲವೂ ಆಗದಿದ್ದರೆ ಅವ್ವನ ನಿದ್ದೆಯೂ ವ್ಯರ್ಥ ಎಂಬ ಲೆಕ್ಕ ಅವಳ ತಲೆಯಲ್ಲಿ ಓಡುತ್ತಿರಬಹುದು.

ಹಾಗಂತ ಕೈ ಕಟ್ಟಿ ಕೂರಿ ಎನ್ನುತ್ತಿಲ್ಲ. ದಯವಿಟ್ಟು ಹಾಗೆ ತಿಳಿಯಬೇಡಿ. ಬೋಲ್ಗರ್ ಮತ್ತು ಡೇವಿಡ್ ಅಮರೆಲ್ 2007ರಲ್ಲಿ ಪ್ರಯೋಗಾಲಯದಲ್ಲೇ ಇದನ್ನು ಪರೀಕ್ಷಿಸಿದರು. ಭಾಷಣ ಮಾಡಬೇಕೆಂಬ ಆತಂಕದಲ್ಲಿದ್ದ ವಿದ್ಯಾರ್ಥಿನಿಯರಿಗೆ ಸಲಹೆಯನ್ನು ನೇರವಾಗಿ ಕೊಟ್ಟಾಗ ಪ್ರಯೋಜನವಾಗಲಿಲ್ಲ. ಅಂಥದೇ ಸಲಹೆ ಬೇರೆಯವರ ಮಾತುಕತೆಯಲ್ಲಿ ಕಿವಿಗೆ ಬಿದ್ದಾಗ ಆತಂಕ ತಗ್ಗಿತು. ಇನ್ನು ನ್ಯಾಟಲ್ಯಾ ಮೈಸೆಲ್ ಮತ್ತು ಶೆಲ್ಲಿ ಗೇಬಲ್ 2009ರಲ್ಲಿ ತೋರಿಸಿದ್ದು ನಿಮಗೆ ಸಮಾಧಾನ ತರಬಹುದು. ಕಣ್ಣಿಗೆ ಕಾಣುವ ಸಹಾಯವೂ ಒಳ್ಳೆಯದನ್ನೇ ಮಾಡುತ್ತದೆ, ಪಡೆಯುವವರಿಗೆ ‘ಇವರಿಗೆ ನಾನು ಅರ್ಥವಾಗಿದ್ದೇನೆ’ ಅನ್ನಿಸಿದರೆ. ಕೊಡುವವರ ಅಳತೆಗೆ ಹೊಲಿದ ಸಹಾಯ ಮಾತ್ರ ಭಾರ.

ಅರ್ಥ ಮಾಡಿಕೊಳ್ಳುವುದೆಂದರೆ ಕೂರಿಸಿಕೊಂಡು ‘ಏನಾಗಿದೆ ಹೇಳು’ ಎಂದು ಬಾಯಿ ಬಿಡಿಸುವುದೂ ಅಲ್ಲ. ಶೆಲ್ಲಿ ಟೇಲರ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಓದುವ ಏಷ್ಯಾ ಮೂಲದ ವಿದ್ಯಾರ್ಥಿಗಳಲ್ಲಿ ಕಂಡದ್ದು ಇದು: ಕಷ್ಟ ತೋಡಿಕೊಂಡು ಸಲಹೆ ಬೇಡುವುದಕ್ಕಿಂತ, ತನ್ನವರ ನಡುವೆ ತಾನಿದ್ದೇನೆ ಎಂದು ನೆನೆದುಕೊಂಡರೆ ಅವರಿಗೆ ಒತ್ತಡ ಕಡಿಮೆಯಾಗುತ್ತಿತ್ತು. ಯುರೋಪಿಯನ್ ಮೂಲದವರಲ್ಲಿ ಇದು ಉಲ್ಟಾ. ಆ ವಿದ್ಯಾರ್ಥಿಗಳ ಮೇಲಿನ ಮಾತನ್ನು ನೇರವಾಗಿ ಹಾವೇರಿಗೆ ಹಚ್ಚಲಾರೆ, ಆದರೆ ನಮ್ಮ ಮನೆಗಳನ್ನು ಬಲ್ಲವರಿಗೆ ಇದು ಹೊಸದೇನಲ್ಲ. ಊಟಕ್ಕೆ ಕೂತಾಗ ಪರೀಕ್ಷೆಯ ಮಾತೇ ಬಾರದಿದ್ದರೆ ಅವಳು ಮತ್ತೆ ಎಲ್ಲರ ಜೊತೆ ರೊಟ್ಟಿ ತಿನ್ನಲು ಬರಬಹುದು. ಮಳೆ, ಬೆಳೆ, ಓಣಿಯ ಮದುವೆ, ಏನಾದರೂ ಮಾತಾಡಿ. ಚಹಾವನ್ನು ರಾತ್ರಿಯೇ ಫ್ಲಾಸ್ಕಿಗೆ ಹಾಕಿಟ್ಟು ನೀವು ಮಲಗಿ. ಅವಳ ಪಾಲಿನ ಮನೆಗೆಲಸ ಸದ್ದಿಲ್ಲದೆ ಆಗಿಹೋಗಲಿ. ‘ನಿನಗಾಗಿ ಮಾಡಿದೆ’ ಎಂಬ ಮಾತು ಬೇಡ.

ಈಗ ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಾಲಿಗೆ ಬರುತ್ತೇನೆ. ಪಕ್ಕದ ಮನೆಯ ಹುಡುಗನಿಗೆ ಅವಳು ಗಣಿತ ಹೇಳಿಕೊಡುತ್ತಿದ್ದಳು, ಆಗಷ್ಟೇ ಮುಖದಲ್ಲಿ ಕಳೆ ಇರುತ್ತಿತ್ತು, ಓದಿನ ಸಮಯ ಹಾಳಾಗುತ್ತದೆಂದು ಅವಳ ತಂದೆ ಅದನ್ನು ಬಿಡಿಸಿದರು ಎಂದಿದ್ದೀರಿ. ಅದನ್ನು ನಾಳೆಯೇ ಮತ್ತೆ ಶುರು ಮಾಡಿಸಿ. ಈಗ ಆ ಮನೆಯಲ್ಲಿ ಅವಳು ಬರೀ ಪಡೆಯುವವಳು. ಯಾರಿಗೂ ಏನನ್ನೂ ಕೊಡುವ ದಾರಿ ಅವಳಿಗಿಲ್ಲ. ಅಮೆರಿಕದ 423 ಹಿರಿಯ ದಂಪತಿಗಳನ್ನು ಐದು ವರ್ಷ ಗಮನಿಸಿ ಸ್ಟೆಫನಿ ಬ್ರೌನ್ ಮತ್ತು ಸಂಗಡಿಗರು 2003ರಲ್ಲಿ ಬರೆದ ವರದಿಯಲ್ಲಿ, ನೆರೆಹೊರೆಯವರಿಗೆ, ನೆಂಟರಿಗೆ, ಸಂಗಾತಿಗೆ ಆಸರೆ ಕೊಡುತ್ತಿದ್ದವರಲ್ಲಿ ಸಾವಿನ ಪ್ರಮಾಣ ಕಡಿಮೆಯಿತ್ತು. ಬರೀ ಪಡೆದದ್ದರಿಂದ ಅಂಥ ಲಾಭ ಕಾಣಲಿಲ್ಲ. ಅದು ವಯಸ್ಸಾದವರ ಕಥೆ, ನಿಜ. ಆದರೂ ದಿನಕ್ಕೊಂದು ತಾಸು ಗುಣಾಕಾರ ಭಾಗಾಕಾರ ಹೇಳಿಕೊಡುವುದರಿಂದ ಯಾವ ಪರೀಕ್ಷೆಯೂ ಕೈ ತಪ್ಪುವುದಿಲ್ಲ. ತಾನು ಇನ್ನೊಬ್ಬರಿಗೆ ಬೇಕಾದವಳು ಎಂಬ ಭಾವನೆ ಅವಳಿಗೆ ಈಗ ಅನ್ನದಷ್ಟೇ ಅಗತ್ಯ.

ಒಂದು ಮಾತನ್ನು ಮಾತ್ರ ಖಡಾಖಂಡಿತವಾಗಿ ಹೇಳಬೇಕು. ಎರಡು ವಾರಕ್ಕೂ ಮೀರಿ ನಿದ್ದೆ ಬಾರದಿದ್ದರೆ, ಊಟ ಬಿಟ್ಟರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಅದು ಖಿನ್ನತೆಯ ಲಕ್ಷಣವಾಗಿರಬಹುದು. ಮನೆಯವರ ಆಸರೆ ಚಿಕಿತ್ಸೆಗೆ ಬದಲಿಯಲ್ಲ. ‘ನಾನಿದ್ದು ಏನು ಪ್ರಯೋಜನ’ ಎಂಬಂಥ ಮಾತು ಒಮ್ಮೆ ಬಂದರೂ ತಡ ಮಾಡಬೇಡಿ, ಅವಳನ್ನು ಒಂಟಿಯಾಗಿ ಬಿಡಬೇಡಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕೂಡ ನಿಮಗೆ ದೂರವಲ್ಲ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿಯಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ಉಚಿತವಾಗಿ. ನೀವೂ ಕರೆ ಮಾಡಬಹುದು. ನಿಮ್ಮ ಪತ್ರ ಓದಿದರೆ ನಿಮಗೂ ಯಾರಾದರೂ ಕಿವಿಗೊಡಬೇಕು ಅನ್ನಿಸುತ್ತದೆ.

‘ದಿನಾ ಫೋನ್ ಮಾಡಬೇಡ ಎಂದರೆ ಅಣ್ಣ ಬೇಜಾರು ಮಾಡಿಕೊಳ್ಳುತ್ತಾನೆ, ಏನು ಮಾಡಲಿ?’ ಎಂದು ಕೊನೆಗೆ ಕೇಳಿದ್ದೀರಿ. ಫೋನ್ ನಿಲ್ಲಿಸುವುದು ಬೇಡ, ಮಾತು ಬದಲಾಗಲಿ. ಅವರ ಮಗ ಈ ವರ್ಷ ಎಸ್ಸೆಸ್ಸೆಲ್ಸಿ ಎಂದು ನೀವೇ ಬರೆದಿದ್ದೀರಿ. ಅವನಿಗೆ ಪಿಯುಸಿಯಲ್ಲಿ ಯಾವ ವಿಷಯ ಕೊಡಿಸಬೇಕು, ಗಣಿತ ಅವನ ತಲೆಗೆ ಯಾಕೆ ಹತ್ತುತ್ತಿಲ್ಲ ಎಂದು ಅವರು ನಿಮ್ಮ ಮಗಳನ್ನೇ ಕೇಳಲಿ.