ಖಳನಾಯಕ ಕೇಳಿದ ಪ್ರಶ್ನೆಗೆ ಉತ್ತರ ಎಲ್ಲಿ?

ಮೊಮ್ಮಗನ ಜೊತೆ ಕೂತು ಸೂಪರ್ ಹೀರೊ ಸಿನಿಮಾಗಳನ್ನು ಒಂದೊಂದಾಗಿ ನೋಡುತ್ತಿದ್ದೇನೆ ಎಂದು ಕಳೆದ ತಿಂಗಳು ಇಲ್ಲಿ ಬರೆದಿದ್ದೆ. ಮೂವತ್ತು ವರ್ಷ ಮುಂಬೈಯ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಟ್ಟ ಪೌರನೀತಿ ಇವುಗಳಲ್ಲಿ ತುಂಬ ಇದೆ ಎಂದೂ ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರ ಬೇರೆ ಯಾವುದಕ್ಕೂ ಬಂದಿಲ್ಲ. ಈ ಸಲ ಪೂರ್ತಿ ಜಾಗ ಅದಕ್ಕೇ.

*

ಟೀಚರ್, ನನ್ನ ಮಗ ಒಂಬತ್ತನೇ ಕ್ಲಾಸು. ಅವನ ಕೋಣೆಯ ಗೋಡೆ ತುಂಬ ‘ಎಕ್ಸ್‌-ಮೆನ್’ ಚಿತ್ರಗಳು. “ಇದು ಸುಮ್ನೆ ಹೊಡೆದಾಟ ಅಲ್ಲ ಅಮ್ಮ, ಇದರಲ್ಲಿ ರಾಜಕೀಯ ಇದೆ” ಅಂತಾನೆ. ಅವರಪ್ಪ ನಗ್ತಾರೆ. ಯಾರ ಮಾತು ಸರಿ?
— ಒಬ್ಬ ತಾಯಿ, ಡೊಂಬಿವಲಿ

ಮಗನ ಮಾತು ಸರಿ ಅಮ್ಮ. 2000ದಲ್ಲಿ ಬಂದ ಮೊದಲ ‘ಎಕ್ಸ್‌-ಮೆನ್’ ಸಿನಿಮಾದ ಮೊದಲ ದೃಶ್ಯವನ್ನು ಅವರಪ್ಪನಿಗೆ ತೋರಿಸಿ. 1944, ಪೋಲೆಂಡ್. ಮಳೆ, ಕೆಸರು, ನಾಜಿ ಶಿಬಿರದ ಗೇಟು. ಒಬ್ಬ ಯಹೂದಿ ಹುಡುಗನನ್ನು ಅಪ್ಪ ಅಮ್ಮನಿಂದ ಎಳೆದು ಬೇರೆ ಮಾಡುತ್ತಾರೆ. ಅವನು ಕೈ ಚಾಚಿ ಕಿರುಚಿದಾಗ ಕಬ್ಬಿಣದ ಗೇಟೇ ಬಾಗುತ್ತದೆ. ದೊಡ್ಡವನಾಗಿ ಅವನೇ ಖಳನಾಯಕ ಮ್ಯಾಗ್ನೆಟೊ ಆಗುವುದು. ಮುಂದೆ ಅಮೆರಿಕದ ಸೆನೆಟಿನಲ್ಲಿ ಒಬ್ಬ ರಾಜಕಾರಣಿ ಎದ್ದು ನಿಲ್ಲುತ್ತಾನೆ. ಹುಟ್ಟಿನಿಂದಲೇ ಬೇರೆ ಥರ ಇರುವ ಈ ಜನರೆಲ್ಲ ಸರ್ಕಾರದ ಪಟ್ಟಿಯಲ್ಲಿ ಹೆಸರು ಬರೆಸಬೇಕು ಎನ್ನುತ್ತಾನೆ. ಪಟ್ಟಿ ಅಂದರೆ ಏನು ಎಂದು ಮ್ಯಾಗ್ನೆಟೊಗೆ ಗೊತ್ತು. ಶಿಬಿರದಲ್ಲಿ ಹಚ್ಚೆ ಹಾಕಿದ ನಂಬರು ಅವನ ಕೈ ಮೇಲೆ ಇನ್ನೂ ಇದೆ.

ಈ ಕಥೆ ಕಾಮಿಕ್ಸ್ ಆಗಿ ಶುರುವಾದದ್ದು 1963ರಲ್ಲಿ. ಕಪ್ಪು ಜನರ ಸಮಾನ ಹಕ್ಕಿಗಾಗಿ ಮಾರ್ಟಿನ್ ಲೂಥರ್ ಕಿಂಗ್ ವಾಷಿಂಗ್ಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನರ ಮುಂದೆ ಮಾತಾಡಿದ್ದೂ ಅದೇ ವರ್ಷ.

ಇದನ್ನು ನೋಡುವಾಗ ನನಗೆ ನೆನಪಾದದ್ದು ಮಾತ್ರ ಮುಂಬೈಯ ಲಾಲ್‌ಬಾಗ್. ಅಲ್ಲಿ ನಮ್ಮಪ್ಪನದು ಎಂಟು ಟೇಬಲಿನ ಹೋಟೆಲು. ಅರವತ್ತರ ದಶಕದ ಕೊನೆ. ನಾನಾಗ ಎರಡನೇ ಕ್ಲಾಸು. ದಕ್ಷಿಣದವರು ಇಲ್ಲಿನವರ ಅನ್ನ ಕಿತ್ತುಕೊಳ್ಳುತ್ತಿದ್ದಾರೆ ಎಂಬ ಕೂಗು ಊರೆಲ್ಲ ಎದ್ದಿತ್ತು. ಯಾವ ಕಚೇರಿಯಲ್ಲಿ ಎಷ್ಟು ಜನ ದಕ್ಷಿಣದವರು ಎಂದು ಹೆಸರು ಎಣಿಸುತ್ತಿದ್ದರು. ಒಂದು ಸಂಜೆ ಗುಂಪು ಬಂತು. “ಲುಂಗಿವಾಲಾ” ಎಂಬ ಕೂಗು, ಆಮೇಲೆ ಕಲ್ಲು. ಗಲ್ಲಾದ ಮೇಲಿದ್ದ ಗಾಜಿನ ಬರಣಿಗಳೆಲ್ಲ ಒಡೆದವು. ಅಪ್ಪ ನನ್ನನ್ನು ಹಿಂದೆ, ಇಡ್ಲಿ ಪಾತ್ರೆಗಳ ಸಂದಿಯಲ್ಲಿ ಕೂರಿಸಿದರು. ಆಗ ದಿನಾ ಚಹಾಕ್ಕೆ ಬರುತ್ತಿದ್ದ ಒಬ್ಬ ಮರಾಠಿ ಗಿರಣಿ ಕೆಲಸಗಾರ ಅರ್ಧ ಎಳೆದ ಶಟರಿನ ಮುಂದೆ ಹೋಗಿ ನಿಂತರು. “ಹೇ ಆಪಲೇಚ್ ಆಹೇತ್” ಅಂದರು. ಇವರು ನಮ್ಮವರೇ ಎಂದು. ಅಷ್ಟೇ ಅಂದದ್ದು. ಅವರ ಭುಜಕ್ಕೂ ಒಂದು ಕಲ್ಲು ಬಿತ್ತು.

ಹಾಗಾಗಿ ಅಮ್ಮ, ಆ ಸಿನಿಮಾ ನನಗೆ ದೂರದ ಕಥೆ ಅನ್ನಿಸಲೇ ಇಲ್ಲ. ಎರಡನೇ ಭಾಗದಲ್ಲಿ ಇನ್ನೊಂದು ದೃಶ್ಯ ಇದೆ. ಅದನ್ನು ನೀವು ಮಗನ ಪಕ್ಕ ಕೂತೇ ನೋಡಿ. ಒಬ್ಬ ಹುಡುಗ ತಾನು ಬೇರೆ ಥರ ಎಂದು ಮನೆಯವರಿಗೆ ಮೊದಲ ಸಲ ಹೇಳುತ್ತಾನೆ. ಅವನ ತಾಯಿ ಕೇಳುವ ಮಾತು: ಹಾಗೆ ಇರದೇ ಇರೋಕೆ ಪ್ರಯತ್ನ ಮಾಡಿದ್ದೀಯಾ? ಹೆಣ್ಣು ಹೆಣ್ಣನ್ನು, ಗಂಡು ಗಂಡನ್ನು ಇಷ್ಟಪಡುವ ಮಕ್ಕಳು ಮನೆಯಲ್ಲಿ ಕೇಳಿಸಿಕೊಳ್ಳುವ ಮಾತೇ ಅದು. ನನ್ನ ಒಬ್ಬ ಹಳೆಯ ವಿದ್ಯಾರ್ಥಿ ಆ ಮಾತನ್ನು ತನ್ನ ತಾಯಿಯಿಂದಲೇ ಕೇಳಿ, ನನ್ನ ಮನೆಗೆ ಬಂದು ಅತ್ತು ಹೋಗಿದ್ದಾನೆ.

*

ಮೇಡಂ, ಅಪರಾಧ ತಡೆಯೋಕೆ ಎಲ್ಲರ ಫೋನ್ ಮೇಲೆ ಕಣ್ಣಿಟ್ಟರೆ ತಪ್ಪೇನು? ಬ್ಯಾಟ್‌ಮನ್ ಕೂಡ ಹಾಗೇ ಮಾಡಿ ಊರು ಉಳಿಸಿದ ಅಲ್ವಾ? ಒಳ್ಳೆಯವರ ಕೈಲಿದ್ದರೆ ಸಾಕು ಅನ್ನೋದು ನನ್ನ ಅಭಿಪ್ರಾಯ.
— ಸಾಫ್ಟ್‌ವೇರ್ ಉದ್ಯೋಗಿ, ಐರೋಳಿ

ನೀವು ಹೇಳುವುದು 2008ರ ‘ದಿ ಡಾರ್ಕ್ ನೈಟ್’. ಜೋಕರನನ್ನು ಹಿಡಿಯಲು ಬ್ಯಾಟ್‌ಮನ್ ಊರಿನ ಅಷ್ಟೂ ಮೊಬೈಲುಗಳನ್ನು ಗುಟ್ಟಾಗಿ ಕೇಳುವ ಯಂತ್ರ ಮಾಡುತ್ತಾನೆ. ಆದರೆ ಅವನ ಜೊತೆಗಾರ ಲೂಸಿಯಸ್ ಫಾಕ್ಸ್ ಏನು ಹೇಳುತ್ತಾನೆ ನೆನಪಿದೆಯಾ? ಒಬ್ಬ ಮನುಷ್ಯನ ಕೈಯಲ್ಲಿ ಇಷ್ಟು ಅಧಿಕಾರ ತಪ್ಪು, ಈ ಯಂತ್ರ ಇರುವ ತನಕ ನಾನು ಇಲ್ಲಿ ಕೆಲಸ ಮಾಡುವುದಿಲ್ಲ ಎನ್ನುತ್ತಾನೆ. ಕೊನೆಗೆ ಅವನು ತನ್ನ ಹೆಸರು ಒತ್ತಿದಾಗ ಯಂತ್ರ ತಾನಾಗಿ ಸುಟ್ಟುಹೋಗುತ್ತದೆ. 2001ರ ಭಯೋತ್ಪಾದಕ ದಾಳಿ ಆದ ಮೇಲೆ ಅಮೆರಿಕ ಜನರ ಮೇಲೆ ಕಣ್ಣಿಡುವ ಕಾನೂನು ತಂದಿತ್ತು. ಸಿನಿಮಾ ಆ ಜಗಳದ ನಡುವೆ ಬಂದದ್ದು. ಆದರೂ ಇಲ್ಲಿ ನನಗೊಂದು ತಕರಾರಿದೆ. ಯಂತ್ರ ಕೆಲಸಕ್ಕೆ ಬಂತು, ಆಮೇಲೆ ಅದು ಮಾಯವೂ ಆಯಿತು. ನಿಜ ಜೀವನದಲ್ಲಿ ಇಂಥ ಯಂತ್ರವನ್ನು ಯಾರೂ ಸುಡುವುದಿಲ್ಲ.

ಇದಕ್ಕಿಂತ ಗಟ್ಟಿಯಾಗಿ ಕೇಳಿದ್ದು 2014ರ ‘ಕ್ಯಾಪ್ಟನ್ ಅಮೆರಿಕ: ದಿ ವಿಂಟರ್ ಸೋಲ್ಜರ್’. ಅಲ್ಲಿ ಸರ್ಕಾರ ಮೂರು ಹಾರುವ ಯುದ್ಧ ಹಡಗು ಕಟ್ಟಿದೆ. ನಿಮ್ಮ ಬ್ಯಾಂಕ್ ಲೆಕ್ಕ, ಕಾಯಿಲೆಯ ದಾಖಲೆ, ಮತ ಹಾಕುವ ರೀತಿ, ಈಮೇಲು, ಫೋನು, ಶಾಲೆಯ ಅಂಕ, ಎಲ್ಲ ನೋಡಿ ನಾಳೆ ನೀವು ತೊಂದರೆ ಕೊಡುವವರಾ ಎಂದು ಕಂಪ್ಯೂಟರೇ ಹೇಳುತ್ತದೆ. ಹೌದು ಎಂದರೆ ಮೇಲಿನಿಂದ ಗುಂಡು. ಕ್ಯಾಪ್ಟನ್ ಕೇಳುತ್ತಾನೆ: ಶಿಕ್ಷೆ ತಪ್ಪಿನ ನಂತರ ಬರುವುದಲ್ವಾ? ಗುಪ್ತಚರ ಇಲಾಖೆಗೆ ಕೆಲಸ ಮಾಡುತ್ತಿದ್ದ ಸ್ನೋಡೆನ್ ಅಮೆರಿಕ ಸರ್ಕಾರದ ಗುಟ್ಟಿನ ಕಣ್ಗಾವಲು ಬಯಲು ಮಾಡಿದ್ದು 2013ರ ಜೂನಿನಲ್ಲಿ. ಅಷ್ಟರಲ್ಲಿ ಈ ಸಿನಿಮಾದ ಶೂಟಿಂಗ್ ಶುರುವಾಗಿತ್ತು.

ಮುಂಬೈಯವರಾಗಿ ನಿಮ್ಮ ಭಯ ನನಗೆ ಅರ್ಥವಾಗುತ್ತದೆ. 26/11ರ ಆ ರಾತ್ರಿಗಳನ್ನು ನಾವೆಲ್ಲ ಟಿವಿ ಮುಂದೆ ಕೂತು ಕಳೆದವರು. ಆಮೇಲೆ ಊರಿಗೆ ಸಾವಿರಾರು ಕ್ಯಾಮೆರಾ ಬಂತು. ನಾನು ಅದಕ್ಕೆ ವಿರೋಧ ಇಲ್ಲ. ಆದರೆ “ಒಳ್ಳೆಯವರ ಕೈ” ಎಂಬುದು ಐದು ವರ್ಷಕ್ಕೊಮ್ಮೆ ಬದಲಾಗುವ ಕೈ. ಅದಕ್ಕೇ ಕಾನೂನಿನ ಬೇಲಿ ಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿ ಅವರು ಎಂಬತ್ತು ದಾಟಿದ ಮೇಲೆ, 2012ರಲ್ಲಿ, ಆಧಾರ್ ವಿಷಯಕ್ಕೆ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ತೀರ್ಪಿಗೆ ಒಬ್ಬ ಕನ್ನಡಿಗನ ಹೆಸರಿದೆ ಎಂದು ನನಗೆ ತುಂಬ ಹೆಮ್ಮೆ.

*

ಟೀಚರ್, ‘ಬ್ಲ್ಯಾಕ್ ಪ್ಯಾಂಥರ್’ ನೋಡಿದ ಮೇಲೆ ನನಗೆ ಖಳನಾಯಕನ ಮಾತೇ ಸರಿ ಅನ್ನಿಸಿತು. ಸ್ನೇಹಿತೆಯರು ಬೈದರು. ನಾನು ತಪ್ಪಾ?
— ಬಿ.ಎ. ವಿದ್ಯಾರ್ಥಿನಿ, ಮಾಟುಂಗ

ತಪ್ಪಿಲ್ಲ ಮಗಳೇ. ನಿನ್ನ ಪತ್ರಕ್ಕೆ ಉತ್ತರ ಬರೆಯಲು ನಾನು ವಾರವಿಡೀ ಯೋಚಿಸಿದೆ.

ನಮ್ಮಪ್ಪ ಹೋಟೆಲು ಮುಚ್ಚಿದ ಮೇಲೆ ತಾಳಮದ್ದಳೆಗೆ ಹೋಗುತ್ತಿದ್ದರು. ಹವ್ಯಾಸಿ ಅರ್ಥಧಾರಿ, ಅಂದರೆ ಒಂದು ಪಾತ್ರದ ಪರವಾಗಿ ಮಾತಾಡುವವರು. ನಾನೂ ಜೊತೆಗೆ. ವೇಷ ಇಲ್ಲ, ಕುಣಿತ ಇಲ್ಲ, ಬರೀ ಮಾತು. ವಾಲಿವಧೆ ಪ್ರಸಂಗ ಅಂದರೆ ನನಗೆ ನಿದ್ದೆಯೇ ಬರುತ್ತಿರಲಿಲ್ಲ. ಬಾಣ ನೆಟ್ಟು ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ನಾನು ನಿನಗೆ ಏನು ಮಾಡಿದ್ದೆ? ಮರೆಯಲ್ಲಿ ನಿಂತು ಯಾಕೆ ಹೊಡೆದೆ? ಗಂಟೆ ಕಳೆದರೂ ವಾಲಿ ಬಿಡುವುದಿಲ್ಲ. ರಾಮನ ಅರ್ಥ ಹೇಳುವವರು ಎದ್ದು ಹೋಗುವ ಹಾಗಿಲ್ಲ. ದೇವರಾದರೂ ಉತ್ತರ ಕೊಡಲೇಬೇಕು. ಉತ್ತರ ಸಪ್ಪೆಯಾದರೆ ಮುಂದಿನ ಸಾಲಿನಲ್ಲಿ ಕೂತ ಹಿರಿಯರ ಮುಖದಲ್ಲೇ ಗೊತ್ತಾಗುತ್ತಿತ್ತು.

ಸೂಪರ್ ಹೀರೊ ಸಿನಿಮಾಗಳನ್ನು ನಾನು ಅಳೆಯುವುದು ಇದರಿಂದಲೇ. ಖಳನಿಗೆ ನಿಜವಾದ ಪ್ರಶ್ನೆ ಕೊಡುತ್ತಾರೆ. ಆಮೇಲೆ ಅದಕ್ಕೆ ಉತ್ತರ ಹೇಳಬೇಕಾಗುತ್ತದೆಯಲ್ಲ, ಅದನ್ನು ತಪ್ಪಿಸಲು ಅವನ ಕೈಲಿ ಒಂದು ಕೊಲೆ ಮಾಡಿಸುತ್ತಾರೆ. ಅಲ್ಲಿಗೆ ಅವನು ಕೆಟ್ಟವನು, ಪ್ರಶ್ನೆಯೂ ಅವನ ಜೊತೆ ಸತ್ತಿತು. 2012ರ ‘ದಿ ಡಾರ್ಕ್ ನೈಟ್ ರೈಸಸ್’ ನೋಡು. ಬೇನ್ ಷೇರು ಮಾರುಕಟ್ಟೆಗೆ ನುಗ್ಗುತ್ತಾನೆ. ಇಲ್ಲಿ ಕದಿಯಲು ದುಡ್ಡಿಲ್ಲ ಎಂದು ಒಬ್ಬ ಹೇಳಿದಾಗ, ಹಾಗಾದರೆ ನೀವೆಲ್ಲ ಇಲ್ಲಿ ಯಾಕಿದ್ದೀರಿ ಎನ್ನುತ್ತಾನೆ. ಅದರ ಹಿಂದಿನ ವರ್ಷವೇ ನ್ಯೂಯಾರ್ಕಿನ ವಾಲ್ ಸ್ಟ್ರೀಟ್ ಹತ್ತಿರ ಜನ ಇದನ್ನೇ ಕೇಳಿ ಡೇರೆ ಹಾಕಿ ಕೂತಿದ್ದರು. ಆದರೆ ಸಿನಿಮಾ ಮುಗಿಯುವ ಹೊತ್ತಿಗೆ ಬೇನ್ ಬಳಿ ಅಣುಬಾಂಬ್. ಇನ್ನು ಪ್ರಶ್ನೆಯನ್ನು ಯಾರು ಕೇಳುತ್ತಾರೆ? 2017ರ ‘ಸ್ಪೈಡರ್‌ಮನ್: ಹೋಮ್‌ಕಮಿಂಗ್’ನಲ್ಲೂ ಇದೇ. ವಲ್ಚರ್ ಮೊದಲು ಒಬ್ಬ ಗುತ್ತಿಗೆದಾರ. ನಗರಸಭೆ ಅವಶೇಷ ಎತ್ತುವ ಕೆಲಸ ಕೊಟ್ಟಿತ್ತು. ಅದನ್ನು ನಂಬಿ ಲಾರಿ ಕೊಂಡ, ಜನ ಇಟ್ಟುಕೊಂಡ. ರಾತ್ರೋರಾತ್ರಿ ಮೇಲಿನವರು ಬಂದು ಹೊರಗೆ ಹಾಕಿದರು. ಕುರ್ಲಾದ ಗುಜರಿಯವರಲ್ಲಿ ಇಂಥ ಕಥೆ ಕೇಳಿದರೆ ಯಾರೂ ಆಶ್ಚರ್ಯಪಡುವುದಿಲ್ಲ.

‘ಬ್ಲ್ಯಾಕ್ ಪ್ಯಾಂಥರ್’ (2018) ಇವಕ್ಕಿಂತ ಪ್ರಾಮಾಣಿಕ. ಖಳನಾಯಕ ಕಿಲ್‌ಮಾಂಗರ್ ಬೆಳೆದದ್ದು ಅಮೆರಿಕದ ಓಕ್ಲೆಂಡಿನಲ್ಲಿ. ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷ 1966ರಲ್ಲಿ ಹುಟ್ಟಿದ್ದೂ ಅದೇ ಊರಲ್ಲಿ. ನಿರ್ದೇಶಕ ರಯಾನ್ ಕೂಗ್ಲರ್ ಕೂಡ ಅಲ್ಲಿಯವರೇ. ಲಂಡನ್ನಿನ ಮ್ಯೂಸಿಯಮ್ಮಿನಲ್ಲಿ ಆಫ್ರಿಕಾದ ವಸ್ತುಗಳ ಮುಂದೆ ನಿಂತು ಕಿಲ್‌ಮಾಂಗರ್ ಕೇಳುತ್ತಾನೆ: ನಿಮ್ಮ ಹಿರಿಯರು ಇದನ್ನೆಲ್ಲ ಸರಿಯಾದ ಬೆಲೆ ಕೊಟ್ಟು ತಂದರಾ? ಮುಂದೆ ವಕಾಂಡಾ ಎಂಬ ಆಫ್ರಿಕಾದ ಕಲ್ಪಿತ ದೇಶದ ರಾಜಸಭೆಯಲ್ಲಿ ಕೇಳುತ್ತಾನೆ: ಜಗತ್ತಿನಲ್ಲಿ ನಮ್ಮಂಥ ಇನ್ನೂರು ಕೋಟಿ ಜನ ಕಷ್ಟದಲ್ಲಿದ್ದಾರೆ, ಇಷ್ಟು ಸಂಪತ್ತು ಇಟ್ಟುಕೊಂಡು ನೀವು ಎಲ್ಲಿದ್ದಿರಿ? ಹೌದು, ಇವನ ಕೈಲೂ ಕೊಲೆ ಮಾಡಿಸುತ್ತಾರೆ. ತನ್ನ ಗೆಳತಿಯನ್ನೇ ಕೊಲ್ಲುತ್ತಾನೆ. ಅದು ನನಗೆ ಹಿಡಿಸಲಿಲ್ಲ. ಆದರೆ ಸಿನಿಮಾದ ನಾಯಕ, ವಕಾಂಡಾದ ರಾಜ ಟಿ’ಚಾಲಾ ಓಡಿಹೋಗುವುದಿಲ್ಲ. ಸತ್ತ ತಂದೆಯ ಎದುರು ನಿಂತು, ನೀವೆಲ್ಲ ತಪ್ಪು ಮಾಡಿದಿರಿ ಎನ್ನುತ್ತಾನೆ. ಓಕ್ಲೆಂಡಿನಲ್ಲಿ ಕಿಲ್‌ಮಾಂಗರ್ ಬೆಳೆದ ಕಟ್ಟಡವನ್ನೇ ಕೊಂಡು ಬಡ ಮಕ್ಕಳಿಗೆ ಸಹಾಯ ಕೇಂದ್ರ ತೆರೆಯುತ್ತಾನೆ. ರಾಮ ವಾಲಿಗೆ ಉತ್ತರ ಹೇಳಿದ ಹಾಗೆ. ಆ ಉತ್ತರ ಸಾಕಾ? ಇನ್ನೂರು ಕೋಟಿ ಜನಕ್ಕೆ ಒಂದು ಕೇಂದ್ರ ಸಾಲದು ಎಂದೇ ನನ್ನ ಮನಸ್ಸಿಗೆ ಅನ್ನಿಸುತ್ತದೆ. ಸ್ನೇಹಿತೆಯರು ಬೈದರೆ ಬೈಯಲಿ. ಅವರನ್ನು ಕೂರಿಸಿ, ನೀನು ಕಿಲ್‌ಮಾಂಗರನ ಅರ್ಥ ಹೇಳು, ಅವರು ಟಿ’ಚಾಲಾನದು ಹೇಳಲಿ.

*

ನಾನು ಸೈನ್ಯದಲ್ಲಿ ಇದ್ದವನು. ಇದೆಲ್ಲ ಮನರಂಜನೆ. ರಾಜಕೀಯ ತುರುಕುವುದು ಈಗಿನವರ ಚಾಳಿ ಅಲ್ಲವೇ?
— ನಿವೃತ್ತ ಸುಬೇದಾರ್, ಪುಣೆ

ಈಗಿನವರದಲ್ಲ ಸಾರ್. 1938ರಲ್ಲಿ ಸೂಪರ್‌ಮನ್ ಹುಟ್ಟಿಸಿದವರು ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್. ಯುರೋಪಿನಿಂದ ವಲಸೆ ಬಂದ ಯಹೂದಿ ಮನೆಗಳ ಹುಡುಗರು. ಮೊದಲ ಸಂಚಿಕೆಯಲ್ಲೇ ಸೂಪರ್‌ಮನ್ ಹೆಂಡತಿಗೆ ಹೊಡೆಯುವವನನ್ನು ಹಿಡಿಯುತ್ತಾನೆ. ದೇಶವನ್ನು ಯುದ್ಧಕ್ಕೆ ಎಳೆಯಲು ಸೆನೆಟರನ ಜೊತೆ ಸೇರಿದ ದಲ್ಲಾಳಿಯನ್ನೂ ಹಿಡಿಯುತ್ತಾನೆ. ಕ್ಯಾಪ್ಟನ್ ಅಮೆರಿಕದ ಮೊದಲ ಸಂಚಿಕೆಯ ಮೇಲೆ 1941ರ ಮಾರ್ಚ್ ಎಂದು ಅಚ್ಚಾಗಿದೆ. ಮುಖಪುಟದಲ್ಲಿ ಅವನು ಹಿಟ್ಲರನ ದವಡೆಗೆ ಗುದ್ದುತ್ತಿದ್ದಾನೆ. ಅಮೆರಿಕ ಯುದ್ಧಕ್ಕೆ ಇಳಿದದ್ದು ಆ ವರ್ಷದ ಡಿಸೆಂಬರಿನಲ್ಲಿ. ಬರೆದವರಿಗೆ ಬೆದರಿಕೆಗಳೂ ಬಂದವು.

ಸೈನ್ಯದ ಮಾತು ಬಂತಲ್ಲ, ಇದೂ ಕೇಳಿ. 2008ರ ‘ಐರನ್ ಮ್ಯಾನ್’ಗೆ ಅಮೆರಿಕದ ವಾಯುಪಡೆ ಸಹಾಯ ಮಾಡಿತ್ತು. 2012ರ ‘ದಿ ಅವೆಂಜರ್ಸ್’ಗೆ ಮಾತ್ರ ರಕ್ಷಣಾ ಇಲಾಖೆ ಹಿಂದೆ ಸರಿಯಿತು. ಕಥೆಯಲ್ಲಿ ಬರುವ ‘ಶೀಲ್ಡ್’ ಎಂಬ ಸಂಸ್ಥೆ ಯಾರ ಕೈಕೆಳಗೆ, ಸೈನಿಕರು ಯಾರ ಆಜ್ಞೆ ಕೇಳಬೇಕು ಎಂಬುದು ಸ್ಪಷ್ಟ ಇಲ್ಲ ಎಂದು. ನಿಮ್ಮಂಥವರಿಗೆ ಆ ಪ್ರಶ್ನೆಯ ತೂಕ ನನಗಿಂತ ಚೆನ್ನಾಗಿ ಗೊತ್ತು.

*

ನಮ್ಮ ನೀರು, ನಮ್ಮ ಚಾಳದ ಬಗ್ಗೆ ಯಾರಾದರೂ ಇಂಥ ಸಿನಿಮಾ ಮಾಡಿದ್ದಾರಾ?
— ಓದುಗ, ಗೋರೆಗಾಂವ್

ಮಾಡಿದ್ದಾರೆ. 2018ರ ‘ಭಾವೇಶ್ ಜೋಶಿ ಸೂಪರ್‌ಹೀರೊ’ ಮುಂಬೈಯ ಕಥೆ. ಜನ ಅದನ್ನು ನೋಡಲಿಲ್ಲ ಅಷ್ಟೇ. 2011ರ ಭ್ರಷ್ಟಾಚಾರ ವಿರೋಧಿ ಚಳವಳಿಯಿಂದ ಎದ್ದ ಹುಡುಗರು ಮುಖಕ್ಕೆ ಕಾಗದದ ಚೀಲ ಹಾಕಿಕೊಂಡು ಓಡಾಡುತ್ತಾರೆ. ಅವರಿಗೆ ಎದುರಾಗುವುದು ನೀರು ಕದ್ದು ಟ್ಯಾಂಕರಿನಲ್ಲಿ ಮಾರುವವರು. ಬೆಳಗಿನ ಜಾವ ನಾಲ್ಕಕ್ಕೆ ಕೊಡ ಹಿಡಿದು ಸಾಲು ನಿಂತವರಿಗೆ ಆ ಖಳನನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ.

2023ರ ತಮಿಳು ‘ಮಾವೀರನ್’ ಕೂಡ ನೋಡಿ. ಕೊಳೆಗೇರಿಯವರನ್ನು ಎಬ್ಬಿಸಿ ಹೊಸ ಬಹುಮಹಡಿ ಕಟ್ಟಡಕ್ಕೆ ಕಳಿಸುತ್ತಾರೆ. ಗೋಡೆ ಮುಟ್ಟಿದರೆ ಉದುರುತ್ತದೆ. ಅಂಜುಬುರುಕ ವ್ಯಂಗ್ಯಚಿತ್ರಕಾರನ ಕಿವಿಗೆ ಮಾತ್ರ ಒಂದು ಧ್ವನಿ ಕೇಳಿಸುತ್ತದೆ. ಕಥೆ ಚೆನ್ನೈಯದು. ಆದರೆ ಪುನರ್ವಸತಿ ಕಟ್ಟಡದಲ್ಲಿ ಮಳೆಗಾಲ ಕಳೆದ ನನ್ನ ಹಳೆಯ ವಿದ್ಯಾರ್ಥಿಗಳು ಅದನ್ನು ತಮ್ಮದೇ ಕಥೆ ಅಂದರು.

*

ಅಜ್ಜಿ, ನಿಮಗೆ ಯಾವ ಸೂಪರ್ ಹೀರೊ ಜಾಸ್ತಿ ಇಷ್ಟ?
— ಆರನೇ ಕ್ಲಾಸಿನ ಹುಡುಗ, ಠಾಣೆ

ಪುಟ್ಟಾ, ‘ದಿ ಅವೆಂಜರ್ಸ್’ನಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ಊರಿನ ದೃಶ್ಯ ನೆನಪಿದೆಯಾ? ಖಳನಾಯಕ ಲೋಕಿ ಎಲ್ಲರಿಗೂ ಮಂಡಿಯೂರಿ ಎನ್ನುತ್ತಾನೆ. ಎಲ್ಲರೂ ಕೂರುತ್ತಾರೆ. ಆಗ ಒಬ್ಬ ಮುದುಕ ನಿಧಾನಕ್ಕೆ ಏಳುತ್ತಾನೆ. ನಿನ್ನಂಥವರ ಮುಂದೆ ಮಂಡಿಯೂರುವುದಿಲ್ಲ ಎನ್ನುತ್ತಾನೆ. ನನ್ನಂಥವರು ಬೇರೆ ಯಾರೂ ಇಲ್ಲ ಎಂದು ಲೋಕಿ ಹೇಳಿದರೆ, ನಿನ್ನಂಥವರು ಯಾವಾಗಲೂ ಇರುತ್ತಾರೆ ಎನ್ನುತ್ತಾನೆ. ಕ್ಯಾಪ್ಟನ್ ಅಮೆರಿಕ ಬರುವುದು ಅದಾದ ಮೇಲೆ. ಅಂದರೆ ಮುದುಕ ಎದ್ದಾಗ ಯಾರೋ ಕಾಪಾಡುತ್ತಾರೆ ಎಂದು ಅವನಿಗೆ ಗೊತ್ತಿರಲಿಲ್ಲ. ಸಿನಿಮಾದಲ್ಲಿ ಅವನಿಗೆ ಹೆಸರೂ ಇಲ್ಲ. ನನಗೆ ಇಷ್ಟ ಅವನೇ.