ಯಾರೋ ಬಿಟ್ಟುಹೋದ ಹರೆಯದ ನಾಯಿ: ಇಟ್ಟುಕೊಳ್ಳೋಣವೇ, ಬೇರೆ ಮನೆ ಹುಡುಕೋಣವೇ?

ಪ್ರಶ್ನೆ: ಹನ್ನೊಂದು ದಿನಗಳ ಹಿಂದೆ ಅಪ್ಪನ ಕೆರೆಯ ಬಳಿ, ಕೊರಳಲ್ಲಿ ಬೆಲ್ಟ್ ಇದ್ದ ಲ್ಯಾಬ್ರಡಾರ್ ಮಿಶ್ರತಳಿಯ ಹೆಣ್ಣುನಾಯಿಯೊಂದು ಎರಡು ದಿನ ಒಂದೇ ಜಾಗದಲ್ಲಿ ಕುಳಿತಿರುವುದನ್ನು ನೋಡಲಾರದೆ ಮನೆಗೆ ಕರೆತಂದೆವು. ವಯಸ್ಸು ಒಂದೂವರೆ ವರ್ಷವಿರಬಹುದೆಂದು ಪಶುವೈದ್ಯರು ಹೇಳಿದರು. ಸ್ವಭಾವ ಶಾಂತವಾಗಿದೆ, ಆದರೆ ಅದು ತಿನ್ನುವಾಗ ನಮ್ಮ ಏಳು ವರ್ಷದ ಮಗ ಹತ್ತಿರ ಹೋದರೆ ಗುರುಗುಟ್ಟುತ್ತದೆ, ನಾವು ಹೊರಗೆ ಹೊರಟರೆ ಊಳಿಡುತ್ತದೆ. ಬೆಳೆದ ನಾಯಿ ಹಳೆಯ ಮನೆಯನ್ನು ಮರೆಯುವುದಿಲ್ಲ, ತರುವುದಾದರೆ ಮರಿಯನ್ನೇ ತರಬೇಕಿತ್ತು ಎನ್ನುತ್ತಾರೆ ನಮ್ಮ ಅತ್ತೆಯವರು. ಏನು ಮಾಡಬೇಕು?
– ಓದುಗರೊಬ್ಬರು, ಕಲಬುರಗಿ

ಉತ್ತರ: ಎರಡು ದಿನ ಅದು ಒಂದೇ ಜಾಗದಲ್ಲಿ ಕುಳಿತಿತ್ತೆಂಬುದನ್ನು ಓದಿ ಮನಸ್ಸು ಭಾರವಾಯಿತು. ಬಿಟ್ಟುಹೋದವರು ಅಲ್ಲಿಗೇ ಮರಳಿ ಬರುವರೆಂದು ಅದು ಕಾದಿರಬೇಕು. ನೀವು ಕರೆತಂದಿದ್ದು ಒಳ್ಳೆಯದಾಯಿತು. ಆದರೆ ಇಟ್ಟುಕೊಳ್ಳುವ ಅಥವಾ ಕೊಟ್ಟುಬಿಡುವ ತೀರ್ಮಾನವನ್ನು ಈಗಲೇ ಮಾಡಬೇಡಿ. ಇಂಥ ನಾಯಿಗಳನ್ನು ಸಲಹುವವರು ಸಾಮಾನ್ಯವಾಗಿ ಒಂದು ಲೆಕ್ಕವನ್ನು ಹೇಳುತ್ತಾರೆ: ಹೆದರಿಕೆ ಕಡಿಮೆಯಾಗಲು 3 ದಿನ, ಮನೆಯ ದಿನಚರಿ ತಿಳಿಯಲು 3 ವಾರ, ಇದು ನನ್ನ ಮನೆ ಎನ್ನಿಸಲು 3 ತಿಂಗಳು. ಹನ್ನೊಂದನೆಯ ದಿನದಲ್ಲಿ ನಿಮಗೆ ಕಾಣುತ್ತಿರುವುದು ನಾಯಿಯ ಸ್ವಭಾವಕ್ಕಿಂತ ಹೆಚ್ಚಾಗಿ ಅದರ ಆತಂಕ.

ಅತ್ತೆಯವರ ಮಾತಿನಲ್ಲಿ ಕಾಳಜಿಯಿದೆ, ಆದರೆ ಅದನ್ನು ನಾನು ಒಪ್ಪಲಾರೆ. ಮರಿಯ ಮುದ್ದು ಮುಗಿದು, ಮೈಯಲ್ಲಿ ಕಸುವು ತುಂಬಿ, ಹೇಳಿದ ಮಾತು ಕೇಳದಂತಾಗುವ ವಯಸ್ಸಿನಲ್ಲೇ ಜನ ನಾಯಿಗಳನ್ನು ಬಿಟ್ಟುಬಿಡುತ್ತಾರೆ. ತಪ್ಪು ನಾಯಿಯದಲ್ಲ, ಅದಕ್ಕೆ ಏನನ್ನೂ ಕಲಿಸದ ಮನೆಯದು. ಒಂದೂವರೆ ವರ್ಷದ ನಾಯಿ ಇನ್ನು ಎಷ್ಟು ಬೆಳೆಯುತ್ತದೆ, ಅದರ ಗುಣವೇನು ಎಂಬುದು ಹೆಚ್ಚುಕಡಿಮೆ ಕಣ್ಣೆದುರಿಗೇ ಇರುತ್ತದೆ, ಮರಿಯ ವಿಷಯದಲ್ಲಿ ಈ ಅನುಕೂಲವಿಲ್ಲ. ಹಳೆಯವರನ್ನು ಅದು ಮರೆಯದಿದ್ದರೂ ಹೊಸಬರನ್ನು ಹಚ್ಚಿಕೊಳ್ಳುವುದಕ್ಕೆ ಅದೇನೂ ಅಡ್ಡಿಯಲ್ಲ.

ಗುರುಗುಟ್ಟುವುದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ, ಹಾಗೆಂದು ಗದರಿಸಲೂ ಬೇಡಿ. ಗುರುಗುಟ್ಟುವುದು ನಾಯಿ ಕೊಡುವ ಎಚ್ಚರಿಕೆ; ಹೊಡೆದು ಆ ದನಿಯನ್ನು ಅಡಗಿಸಿದರೆ ಹೆದರಿಕೆ ಹಾಗೆಯೇ ಉಳಿದು, ಮುಂದೆ ಎಚ್ಚರಿಸದೆಯೇ ಕಚ್ಚುವ ನಾಯಿಯನ್ನು ನೀವೇ ಬೆಳೆಸಿದಂತಾಗುತ್ತದೆ. ಇಂದಿನಿಂದಲೇ ಅದಕ್ಕೆ ಬೇರೆ ಕೋಣೆಯಲ್ಲಿ ಬಾಗಿಲು ಮುಂದೆ ಮಾಡಿ ಊಟ ಕೊಡಿ, ತಟ್ಟೆ ಖಾಲಿಯಾಗಿ ಅದನ್ನು ಎತ್ತಿಟ್ಟ ಮೇಲೆಯೇ ಬಾಗಿಲು ತೆರೆಯಿರಿ. ದೊಡ್ಡವರೊಬ್ಬರು ದಿನಕ್ಕೊಮ್ಮೆ, ನಾಯಿ ನಿರಾಳವಾಗಿ ತಿನ್ನುತ್ತಿರುವಷ್ಟು ದೂರದಲ್ಲಿ ಹಾದುಹೋಗುತ್ತ ಬೇಯಿಸಿದ ಮೊಟ್ಟೆಯ ಚೂರೊಂದನ್ನು ತಟ್ಟೆಯತ್ತ ಎಸೆದು ಮುಂದೆ ನಡೆಯಲಿ. ಮನುಷ್ಯರು ಬಂದರೆ ಊಟ ಹೋಗುವುದಿಲ್ಲ, ಇನ್ನಷ್ಟು ಬರುತ್ತದೆ ಎಂದು ಅದಕ್ಕೆ ಅರ್ಥವಾಗಲು ವಾರಗಳೇ ಹಿಡಿಯಬಹುದು. ಈ ಅಭ್ಯಾಸದಲ್ಲಿ ಮಗನನ್ನು ಸೇರಿಸಬೇಡಿ. ಊಟವಿಲ್ಲದ ಹೊತ್ತಿನಲ್ಲಿಯೂ ಇಬ್ಬರನ್ನೇ ಒಂದೆಡೆ ಬಿಡಬೇಡಿ. ಒಂದು ವೇಳೆ ಹಲ್ಲು ತಾಗಿ ಗೀರಿದರೂ ಗಾಯವನ್ನು 15 ನಿಮಿಷ ಸೋಪು ಮತ್ತು ಹರಿಯುವ ನೀರಿನಿಂದ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಮಾಡಿದ ಅಡುಗೆಯನ್ನೇ ಹಾಕುವುದಾದರೆ ಈರುಳ್ಳಿ, ಬೆಳ್ಳುಳ್ಳಿ ಬಿದ್ದದ್ದು ಬೇಡ. ನಾವು ಒಣರೊಟ್ಟಿಯ ಜೊತೆ ತಿನ್ನುವ ಶೇಂಗಾ ಹಿಂಡಿಯೂ ಅದರಲ್ಲಿ ಬಂತು.

ಊಳಿಡುವುದಕ್ಕೆ ಒಮ್ಮೆಲೇ ಮದ್ದಿಲ್ಲ. ಚಪ್ಪಲಿ ಹಾಕಿ ಬಾಗಿಲಾಚೆ ಅರ್ಧ ನಿಮಿಷ ನಿಂತು, ಅದು ಕೂಗುವ ಮೊದಲೇ ಒಳಗೆ ಬನ್ನಿ. ದಿನ ಕಳೆದಂತೆ ಆ ಹೊತ್ತನ್ನು ನಿಧಾನವಾಗಿ ಹೆಚ್ಚಿಸಿ. ಬಿಸಿಲೇರುವ ಮೊದಲು ಚೆನ್ನಾಗಿ ಸುತ್ತಾಡಿಸಿ ತಂದ ನಾಯಿ ಹಗಲಿನಲ್ಲಿ ಹೆಚ್ಚು ಮಲಗುತ್ತದೆ.

ಆರೋಗ್ಯದ ಬಗ್ಗೆ ನೀವು ಕೇಳಿಲ್ಲವಾದರೂ ಹೇಳಲೇಬೇಕು. ದಾಖಲೆ ಇಲ್ಲದ ನಾಯಿಗೆ ಲಸಿಕೆಯೇ ಆಗಿಲ್ಲವೆಂದು ತಿಳಿದು ರೇಬೀಸ್ ಲಸಿಕೆಯನ್ನೂ, ಡಿಸ್ಟೆಂಪರ್ ಮತ್ತು ಪಾರ್ವೊ ಎಂಬ ಮಾರಕ ಸೋಂಕುಗಳನ್ನು ತಡೆಯುವ ಲಸಿಕೆಯನ್ನೂ ಹಾಕಿಸಿ. ನಮ್ಮ ಕಡೆಯ ಶಹಾಬಾದ್ ಪರಸಿಯ ನೆಲ ಬೇಸಿಗೆಯಲ್ಲಿ ನಾಯಿಗೆ ತಂಪೇನೋ ಹೌದು, ಆದರೆ ಮೈಯಿಂದ ಉದುರಿದ ಉಣ್ಣಿಗಳು ಕಲ್ಲುಗಳ ನಡುವಿನ ಬಿರುಕುಗಳಲ್ಲೇ ಸಾವಿರಾರು ಮೊಟ್ಟೆಗಳನ್ನಿಡುತ್ತವೆ. ಆದ್ದರಿಂದ ನಾಯಿಯ ಮೈಗೆ ಔಷಧಿ ಹಚ್ಚಿದರಷ್ಟೇ ಸಾಲದು, ನೆಲದ ಸಂದುಗಳನ್ನೂ ಸ್ವಚ್ಛಗೊಳಿಸಬೇಕು. ಜ್ವರ, ಮಂಕು, ಬಿಳಿಚಿದ ಒಸಡು, ಮೂಗಿನಲ್ಲಿ ರಕ್ತ ಕಂಡರೆ ಉಣ್ಣಿ ಜ್ವರವಿರಬಹುದು. ತಡಮಾಡದೆ ರಕ್ತಪರೀಕ್ಷೆ ಮಾಡಿಸಿ. ಬೀದಿಯಲ್ಲಿದ್ದ ಹೆಣ್ಣುನಾಯಿಯಾದ್ದರಿಂದ ಗರ್ಭವಿದೆಯೇ ಎಂಬುದನ್ನೂ ಕೇಳಿ. ನಾಯಿಯ ಗರ್ಭಾವಧಿ ಸುಮಾರು 63 ದಿನ ಮಾತ್ರ. ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಯಾವಾಗ ಮಾಡಿಸಬೇಕೆಂದು ಆಗಲೇ ಗೊತ್ತಾಗುತ್ತದೆ.

ಇನ್ನೊಂದು ಮಾತು. ಬೆಲ್ಟ್ ಇತ್ತೆಂದರೆ ಅದು ತಪ್ಪಿಸಿಕೊಂಡ ನಾಯಿಯೂ ಆಗಿರಬಹುದು. ಚರ್ಮದಡಿ ಇಡುವ ಗುರುತಿನ ಮೈಕ್ರೋಚಿಪ್ ಇದೆಯೇ ಎಂದು ವೈದ್ಯರಲ್ಲಿ ನೋಡಿಸಿ, ಬಡಾವಣೆಯ ವಾಟ್ಸಾಪ್ ಗುಂಪುಗಳಿಗೆ ಫೋಟೊ ಹಾಕಿ, ಆದರೆ ಮೈಮೇಲಿನ ಒಂದು ಗುರುತನ್ನು ಮುಚ್ಚಿಟ್ಟುಕೊಳ್ಳಿ. ನಿಜವಾದ ಯಜಮಾನರು ಅದನ್ನು ತಾವೇ ಹೇಳಬೇಕು. ಬೇಡವೆಂದೇ ಬಿಟ್ಟುಹೋಗಿದ್ದರೆ, ಸಕಾರಣವಿಲ್ಲದೆ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ದೂಡಿ ಹಾಗೆ ತೊರೆಯುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೆಯ ಸೆಕ್ಷನ್ ಪ್ರಕಾರ ಅಪರಾಧ.

ಮೂರು ತಿಂಗಳು ಕಳೆದರೂ ತಟ್ಟೆಯ ಬಳಿ ಗುರುಗುಟ್ಟುವುದು ನಿಲ್ಲದಿದ್ದರೆ, ಚಿಕ್ಕ ಮಕ್ಕಳಿಲ್ಲದ ಮನೆಯನ್ನು ಹುಡುಕಿ. ಅದನ್ನು ನಿಮ್ಮ ಸೋಲೆಂದು ಎಣಿಸಬೇಡಿ. ತಾತ್ಕಾಲಿಕ ಆಸರೆ ಕೊಟ್ಟವರು ಮಾಡಬೇಕಾದ ಕೆಲಸವೇ ಅದು. ಕೇಳಿಬಂದವರಿಗೆ ಗುರುಗುಟ್ಟುವ ವಿಷಯವನ್ನು ಮೊದಲೇ ಹೇಳಿ, ಅವರ ಮನೆಯನ್ನು ಕಣ್ಣಾರೆ ನೋಡಿ, ಮರಿ ಹಾಕಿಸಿ ಮಾರುವ ಆಸೆಯಿರುವವರಿಗೆ ಕೊಡಬೇಡಿ. ನಾಯಿಯನ್ನು ಕಳಿಸುವ ಮೊದಲು ಆ ಮನೆಯವರು ನಿಮ್ಮಲ್ಲಿಗೆ ಮೂರ್ನಾಲ್ಕು ಸಲ ಬಂದು ತಮ್ಮ ಕೈಯಿಂದಲೇ ಅದಕ್ಕೆ ಊಟ ಹಾಕಲಿ. ಅಲ್ಲಿ ಹೊಂದಿಕೆಯಾಗದಿದ್ದರೆ ಬೀದಿಗೆ ಬಿಡದೆ ನಿಮ್ಮಲ್ಲಿಗೇ ಮರಳಿ ತರಬೇಕೆಂದು ಬರೆಸಿಕೊಳ್ಳಿ.